ಕಿತ್ತೂರ ನಾಡನ್ನು ಕಂಡ ಪರದೇಶಸ್ಥರು: ಎಲಿಯಟ್ ಮತ್ತು ಫ್ಲೀಟರ ಬರಹಗಳ ವಿಮರ್ಶೆ

೧

ಪರದೇಶದಿಂದ ಬಂದವನೊಬ್ಬನು ತಾನು ನೆಲೆಸಿದ ನಾಡಿನ ನಿತ್ಯಜೀವನವನ್ನು ಕುರಿತು ಬರೆದಾಗ ಆ ಬರಹದಲ್ಲಿ ಎರಡು ಅಂಶಗಳು ಬೆರೆತುಕೊಂಡಿರುತ್ತವೆ. ನಾಡವರು ಬಳಕೆಯಿಂದಾಗಿ ಗಮನಿಸದೆ ಬಿಟ್ಟುದನ್ನು ಅವನ ಕಣ್ಣು ಹಿಡಿಯುತ್ತದೆ, ಇದು ಮೊದಲನೆಯದು. ಹಿಡಿದುದಕ್ಕೆ ತನ್ನ ದೇಶದ ಅಳತೆಗೋಲನ್ನು ಹಚ್ಚಿ ಅವನು ತೀರ್ಪು ಕೊಡುತ್ತಾನೆ, ಇದು ಎರಡನೆಯದು. ಇವೆರಡನ್ನೂ ಬೇರ್ಪಡಿಸದೆ ಓದಿದವರು ಒಂದೋ ಪರದೇಶಸ್ಥನ ಮಾತನ್ನೆಲ್ಲ ಪ್ರಮಾಣವೆಂದು ಒಪ್ಪುತ್ತಾರೆ, ಇಲ್ಲವೆ ಎಲ್ಲವನ್ನೂ ದ್ವೇಷದ ಮಾತೆಂದು ತಳ್ಳುತ್ತಾರೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಇತಿಹಾಸವನ್ನೂ ಸಾಹಿತ್ಯವನ್ನೂ ಅಭ್ಯಾಸಮಾಡುವವರಲ್ಲಿ ಈ ಎರಡು ದೋಷಗಳೂ ಕಾಣಬರುವುದರಿಂದ ವಿಷಯವು ವಿಚಾರಕ್ಕೆ ಯೋಗ್ಯವಾಗಿದೆ.

ಪರದೇಶಸ್ಥರಲ್ಲಿಯೂ ಭೇದವುಂಟು. ಬಾಳುವುದಕ್ಕೆ ಬಂದವನು ಬೇರೆ, ಆಳುವುದಕ್ಕೆ ಬಂದವನು ಬೇರೆ. ಮೊದಲನೆಯವನಿಗೆ ಪಶ್ಚಿಮದಲ್ಲಿ ಒಳ್ಳೆಯ ಉದಾಹರಣೆಯೆಂದರೆ ಎಡ್ವರ್ಡ್ ಬೊಕ್. ಹಾಲೆಂಡಿನ ಡೆನ್ ಹೆಲ್ಡರ್ ಎಂಬ ಊರಿನಲ್ಲಿ ೧೮೬೩ರಲ್ಲಿ ಹುಟ್ಟಿದ ಈತನು ೧೮೭೦ರಲ್ಲಿ ತಂದೆತಾಯಿಗಳೊಡನೆ ಅಮೇರಿಕೆಗೆ ಹೋದನು. ಶಾಲೆಗೆ ಸೇರಿದಾಗ ಅವನಿಗೆ ಇಂಗ್ಲಿಷಿನ ಒಂದು ಮಾತೂ ಬರುತ್ತಿರಲಿಲ್ಲ. ರೊಟ್ಟಿಯ ಅಂಗಡಿಯ ಕಿಟಕಿಯನ್ನು ತೊಳೆದು ಮೊದಲ ಕಾಸನ್ನು ಗಳಿಸಿದ ಆ ಹುಡುಗನು ಮುಂದೆ ೧೮೮೯ರಿಂದ ೧೯೧೯ರ ವರೆಗೆ ಅಲ್ಲಿಯ ಹೆಸರಾದ ಮಹಿಳಾ ಮಾಸಪತ್ರಿಕೆಯೊಂದರ ಸಂಪಾದಕನಾದನು. ಆತನು ೧೯೨೦ರಲ್ಲಿ ಪ್ರಕಟಿಸಿದ ಆತ್ಮಚರಿತ್ರೆಯಲ್ಲಿ ತನ್ನನ್ನು ತಾನೇ ‘ಅವನು’ ಎಂದು ಕರೆದುಕೊಂಡಿರುವನು. ಅಮೇರಿಕೆಯವರ ದುಂದುಗಾರಿಕೆಯನ್ನೂ, ಅವಸರದಲ್ಲಿ ಅರೆಬರೆಯಾಗಿ ಕೆಲಸ ಮುಗಿಸುವ ಅಭ್ಯಾಸವನ್ನೂ ಅದರಲ್ಲಿ ಮುಚ್ಚುಮರೆಯಿಲ್ಲದೆ ಟೀಕಿಸಿ, ತಾನು ಆ ದೇಶಕ್ಕೆ ಯಾವುದಕ್ಕೆ ಋಣಿಯೆಂಬುದನ್ನೂ ಹೇಳಿರುವನು. ಟೀಕೆಗೆ ಗುರಿಯಾದ ಜನರೇ ಆ ಗ್ರಂಥವನ್ನು ಕೊಂಡು ಓದಿದರು. ೧೯೨೧ರಲ್ಲಿ ಅದಕ್ಕೆ ಪುಲಿಟ್ಜರ್ ಬಹುಮಾನವೂ ದೊರೆಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಬೊಕ್ಕನು ಯಾರ ವಿಷಯವಾಗಿ ಬರೆದನೋ ಅವರ ನಡುವೆಯೇ ಅನ್ನವನ್ನು ದುಡಿಯಬೇಕಾಗಿತ್ತು. ಅವರ ಭಾಷೆಯಲ್ಲಿಯೇ ಬರೆದುದರಿಂದ ಅವರ ಮರುಮಾತಿಗೂ ಅವನು ಸಿಕ್ಕುತ್ತಿದ್ದನು. ಹಾಗಾಗಿ ಅವನ ಅಭಿಪ್ರಾಯಗಳಿಗೆ ಒಂದು ಹೊಣೆಯಿತ್ತು. ಕಿತ್ತೂರ ನಾಡಿಗೆ ಬಂದ ಆಂಗ್ಲ ಅಧಿಕಾರಿಗಳ ಬರಹಕ್ಕೆ ಇಂಥ ಹೊಣೆಯಿರಲಿಲ್ಲ. ಅವರು ಲಂಡನ್, ಮದ್ರಾಸು, ಮುಂಬಯಿಗಳ ಪತ್ರಿಕೆಗಳಲ್ಲಿ ಇಂಗ್ಲಿಷಿನಲ್ಲಿ ಬರೆದರು. ಬೈಲಹೊಂಗಲದ ಒಕ್ಕಲಿಗನು ಅದನ್ನು ಓದುವ ಸಂಭವವಿರಲಿಲ್ಲ. ಆದರೂ ಅವರ ಬರಹಗಳಲ್ಲಿ ಈ ನಾಡಿನ ಬಾಳು ಹೇಗೆ, ಎಷ್ಟರ ಮಟ್ಟಿಗೆ ಉಳಿದುಬಂದಿದೆ ಎಂಬುದನ್ನು ಸರ್ ವಾಲ್ಟರ್ ಎಲಿಯಟ್ ಮತ್ತು ಜಾನ್ ಫೇತ್‌ಫುಲ್ ಫ್ಲೀಟ್ ಇವರಿಬ್ಬರ ಕೃತಿಗಳಿಂದ ಪರೀಕ್ಷಿಸಬಹುದಾಗಿದೆ.

೨

ಎಲಿಯಟ್‌ನು ಸ್ಕಾಟ್ಲಂಡಿನವನು, ೧೮೦೩ರಲ್ಲಿ ಎಡಿನ್‌ಬರೊ ಪಟ್ಟಣದಲ್ಲಿ ಹುಟ್ಟಿದನು. ಕಂಪನಿ ಸರಕಾರದ ಮದ್ರಾಸು ನೌಕರಿಗೆ ಸೇರಿ, ಆಗ ‘ದಕ್ಷಿಣ ಮರಾಠಾ ದೇಶ’ ಎಂದು ಕರೆಯಲ್ಪಡುತ್ತಿದ್ದ ಧಾರವಾಡದ ಸೀಮೆಗೆ ತರುಣನಾಗಿರುವಾಗಲೇ ಬಂದನು. ಕನ್ನಡವೇ ನಾಡುನುಡಿಯಾದ ಈ ಭಾಗಕ್ಕೆ ಇಟ್ಟ ಆ ಹೆಸರೇ, ಆಳುವವನು ಜನರ ಮಾತನ್ನು ಕೇಳುವುದಕ್ಕೆ ಮುಂಚೆ ತನ್ನ ದಫ್ತರವನ್ನು ನೋಡುತ್ತಾನೆಂಬುದಕ್ಕೆ ಸಾಕ್ಷಿಯಾಗಿದೆ.

೧೮೨೪ನೆಯ ಸಪ್ಟೆಂಬರದಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕವನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಒಪ್ಪಲಿಲ್ಲ. ಅಕ್ಟೋಬರ ೨೩ರಂದು ಕಿತ್ತೂರ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆಯು ಮಡಿದನು. ಅವನ ಕೈಕೆಳಗಿನ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬವರು ಸೆರೆಸಿಕ್ಕರು. ಆಗ ಎಲಿಯಟ್‌ನಿಗೆ ಇಪ್ಪತ್ತೊಂದು ವರ್ಷ. ಡಿಸೆಂಬರ ೨ರಂದು ಬಿಡುಗಡೆಯಾಗುವ ವರೆಗೆ ಸುಮಾರು ನಲ್ವತ್ತು ದಿವಸ ಆತನು ರಾಣಿ ಚನ್ನಮ್ಮನ ವಶದಲ್ಲಿದ್ದನು. ಆತನ ಪ್ರಾಣಕ್ಕೆ ಅಪಾಯವಾಗಲಿಲ್ಲ. ಸೆರೆಯಾಳುಗಳು ಬಿಡುಗಡೆಯಾದ ಬೆನ್ನಿಗೇ ಕಂಪನಿಯ ದಂಡು ಕೋಟೆಯನ್ನು ಮುತ್ತಿತು. ಡಿಸೆಂಬರದ ಮೊದಲ ವಾರದಲ್ಲಿ ಕಿತ್ತೂರು ಬಿದ್ದಿತು. ಚನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಕೊನೆಯುಸಿರೆಳೆದಳು. ಸೆರೆಯಾಳನ್ನು ಜೀವದಿಂದ ಮರಳಿಸಿದವಳು ಸೆರೆಯಲ್ಲಿಯೇ ಅಳಿದಳು.

ಈ ನಲ್ವತ್ತು ದಿನಗಳಿಗೆ ವಿಮರ್ಶೆಯ ದೃಷ್ಟಿಯಿಂದ ವಿಶೇಷ ಮಹತ್ವವಿದೆ. ಆಳಲು ಬಂದವನೊಬ್ಬನು ಆಳಿಸಿಕೊಳ್ಳುವವರ ದಯೆಯ ಮೇಲೆ ಬದುಕಿದ ಅಪರೂಪದ ಕಾಲವಿದು. ಇದರ ತರುವಾಯ ಎಲಿಯಟ್‌ನು ನಾಡನ್ನು ತೊರೆಯಲಿಲ್ಲ, ಹಗೆಯ ಗ್ರಂಥವನ್ನೂ ಬರೆಯಲಿಲ್ಲ. ೧೮೩೩ರ ವರೆಗೆ ಈ ಸೀಮೆಯಲ್ಲಿಯೇ ಇದ್ದು ಎರಡು ಕೆಲಸಗಳನ್ನು ಮಾಡಿದನು. ಊರೂರಿನ ಕಲ್ಬರಹಗಳನ್ನು ನಕಲು ತೆಗೆಯಿಸಿದುದು ಒಂದು. ಕಾಡುಹೊಲಗಳ ಪ್ರಾಣಿಗಳನ್ನು ಕುರಿತು ಟಿಪ್ಪಣಿ ಮಾಡಿದುದು ಇನ್ನೊಂದು.

ಶಾಸನಗಳ ಕೆಲಸವು ವಿದ್ವಾಂಸರಿಗೆ ತಿಳಿದುದೇ ಆಗಿದೆ. ಆತನು ಕೂಡಿಸಿದ ೫೯೫ ಶಾಸನಗಳ ನಕಲುಗಳು ‘ಕರ್ನಾಟಕ ದೇಶದ ಶಾಸನಗಳು’ ಎಂಬ ಹೆಸರಿನ ಹಸ್ತಪ್ರತಿಗಳಲ್ಲಿ ಉಳಿದವು. ಅವುಗಳ ಆಧಾರದಿಂದ ಚಾಲುಕ್ಯಾದಿ ರಾಜವಂಶಗಳ ಕ್ರಮವನ್ನು ವಿವರಿಸಿದ ಆತನ ಲೇಖನವು ೧೮೩೭ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂದಿತು. ಕನ್ನಡ ಶಾಸನಾಭ್ಯಾಸದ ತಳಹದಿಯಲ್ಲಿ ಕಿತ್ತೂರಿನ ಸೆರೆಯಾಳು ಇಟ್ಟ ಕಲ್ಲೂ ಇದೆಯೆಂಬುದನ್ನು ಮರೆಯಲಾಗದು.

ಸಾಹಿತ್ಯದ ಅಧ್ಯಾಪಕರು ಸಾಮಾನ್ಯವಾಗಿ ನೋಡದೆ ಬಿಡುವುದು ಎರಡನೆಯ ಕೆಲಸವನ್ನು. ದಕ್ಷಿಣ ಮರಾಠಾ ದೇಶದ ಸಸ್ತನಿಗಳ ಪಟ್ಟಿಯೊಂದನ್ನು ಆತನು ೧೮೩೯ರಲ್ಲಿ ಮದ್ರಾಸಿನ ಸಾಹಿತ್ಯ ಮತ್ತು ವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟಿಸಿದನು. ಹೆಸರಿಗೆ ಇದು ಪ್ರಾಣಿಶಾಸ್ತ್ರ. ಓದಿದರೆ ಎರಿಯ ಹೊಲದ ಬಾಳಿನ ಚಿತ್ರ. ಪ್ರತಿಯೊಂದು ಪ್ರಾಣಿಗೂ ಒಕ್ಕಲಿಗರ ಬಾಯಲ್ಲಿಯ, ವಡ್ಡರ ಬಾಯಲ್ಲಿಯ ಹೆಸರುಗಳನ್ನು ಕೇಳಿ ಬರೆದುಕೊಂಡಿರುವನು. ಮಳೆ ಕಡಿಮೆಯಾದ ೧೮೨೬ರ ಸುಮಾರಿನಲ್ಲಿ ಹೊಲದ ಇಲಿಗಳು ಮಿತಿಮೀರಿ ಹೆಚ್ಚಿ, ಬಿತ್ತಿದ ಬೀಜವನ್ನು ತಿಂದು, ಉಳಿದು ಬೆಳೆದ ಜೋಳದ ದಂಟನ್ನು ಏರಿ ತೆನೆಗಳನ್ನು ಕತ್ತರಿಸಿದ್ದನ್ನೂ, ಇಡೀ ಹೊಲಗಳು ಹಾಳಾಗಿ ರೈತರು ತೆರಿಗೆ ಕೊಡಲಾರದೆ ಹೋದುದನ್ನೂ, ಇಷ್ಟು ಡಜನು ಇಲಿಗೆ ಇಷ್ಟು ಕಾಳೆಂದು ಮಾತಾಡಿ ವಡ್ಡರಿಂದ ಅವುಗಳನ್ನು ಕೊಲ್ಲಿಸಿದುದನ್ನೂ, ಸಾವಿರಗಟ್ಟಲೆ ಕೊಂದರೂ ಅವು ಕಡಿಮೆಯಾದಂತೆ ತೋರದೆ ಇದ್ದುದನ್ನೂ ಆತನು ದಾಖಲಿಸಿದನು. ಒಕ್ಕಲಿಗನ ಹೊಲಕ್ಕೂ ವಡ್ಡರ ದುಡಿತಕ್ಕೂ ಸರಕಾರದ ಕಂದಾಯಕ್ಕೂ ಇರುವ ಸಂಬಂಧವು ಇಲಿಯೊಂದರ ವರ್ಣನೆಯಲ್ಲಿ ಅಡಗಿದೆ. ಆ ವರ್ಷಗಳ ರೈತಜೀವನವನ್ನು ತಿಳಿಯಬೇಕೆಂಬವರಿಗೆ ಇದು ಕಂದಾಯದ ಕಾಗದಪತ್ರಗಳಿಗಿಂತ ಹತ್ತಿರದ ಸಾಕ್ಷಿ.

‘ಗುಲಂಡಿ’ ಎಂಬ ಕನ್ನಡದ ಮಾತೊಂದು ಈ ಟಿಪ್ಪಣಿಗಳ ಮೂಲಕವೇ ಪ್ರಪಂಚದ ಪ್ರಾಣಿಶಾಸ್ತ್ರವನ್ನು ಸೇರಿತು. ಆ ಇಲಿಗೆ ೧೮೩೭ರಲ್ಲಿ ಇಟ್ಟ ಶಾಸ್ತ್ರೀಯ ನಾಮವು ‘ಗೋಲುಂಡ ಎಲಿಯೊಟಿ’ ಎಂದಾಗಿದೆ. ಹೆಸರಿನ ಮೊದಲರ್ಧವು ಹೊಲದ ಜನರದು, ಉಳಿದರ್ಧವು ಕೇಳಿ ಬರೆದುಕೊಂಡವನದು. ಪರದೇಶಸ್ಥನ ಬರಹವು ಹೇಗಿದ್ದರೆ ಒಳ್ಳೆಯದೆಂಬುದಕ್ಕೆ ಇದಕ್ಕಿಂತ ಚಿಕ್ಕದಾದ, ಚೊಕ್ಕದಾದ ದೃಷ್ಟಾಂತವು ದೊರೆಯಲಾರದು.

೩

ಫ್ಲೀಟನು (೧೮೪೭–೧೯೧೭) ಎಲಿಯಟ್‌ನಿಗಿಂತ ಎರಡು ತಲೆಮಾರು ಈಚಿನವನು. ೧೮೬೭ರಲ್ಲಿ ಮುಂಬಯಿ ಇಲಾಖೆಯ ನೌಕರಿಗೆ ಬಂದು ಅಸಿಸ್ಟಂಟ್ ಕಲೆಕ್ಟರನಾಗಿಯೂ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರನಾಗಿಯೂ ಕನ್ನಡ ಜಿಲ್ಲೆಗಳಲ್ಲಿ ತಿರುಗಿದನು. ಎಲಿಯಟ್‌ನ ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು, ಕಲ್ಲುಗಳನ್ನು ತಾನೇ ಓದಿ, ಸವದತ್ತಿಯ ರಟ್ಟರ ಶಾಸನಗಳನ್ನು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕಿಗೆ ತಂದನು. ಪೂರ್ವದಲ್ಲಿ ಸುಗಂಧವರ್ತಿಯೆಂದು ಹೆಸರಾಗಿದ್ದ ಸವದತ್ತಿಯ ಅರಸರ ವಂಶಾವಳಿಯು ಇಂದು ಶಾಲೆಯ ಪುಸ್ತಕಗಳಲ್ಲಿ ಬರುವುದಕ್ಕೆ ಆತನ ಪರಿಶ್ರಮವೇ ಮುಖ್ಯ ಕಾರಣ. ೧೮೮೨ರಲ್ಲಿ ಬಂದ ಆತನ ‘ಕನ್ನಡ ಜಿಲ್ಲೆಗಳ ರಾಜವಂಶಗಳು’ ಎಂಬ ಗ್ರಂಥವು ಈ ಪರಿಶ್ರಮದ ಫಲ.

ಕಲ್ಲಿನಲ್ಲಿ ಮಾತಾಡುವವರು ಅರಸರು, ಮಂತ್ರಿಗಳು, ದಾನಿಗಳು. ಕಲ್ಲು ಕೆತ್ತಿಸಲಾರದವರ ಮಾತು ಬಾಯಲ್ಲಿ ಉಳಿದಿತ್ತು. ಫ್ಲೀಟನು ಅದಕ್ಕೂ ಕಿವಿಗೊಟ್ಟನು. ತಾನೇ ಸಂಪಾದಕನಾಗಿ ಕೂಡಿಕೊಂಡಿದ್ದ ‘ಇಂಡಿಯನ್ ಎಂಟಿಕ್ವರಿ’ಯಲ್ಲಿ ೧೮೮೫ರಿಂದ ಮೊದಲುಗೊಂಡು ಕನ್ನಡ ಲಾವಣಿಗಳನ್ನು ಮೂಲಪಾಠದೊಡನೆಯೂ ಭಾಷಾಂತರದೊಡನೆಯೂ ಅಚ್ಚುಹಾಕಿಸಿದನು. ಸಂಗೊಳ್ಳಿ ರಾಯಣ್ಣನದೊಂದು, ಹಲಗಲಿಯ ಬೇಡರದೊಂದು, ಆದಾಯದ ತೆರಿಗೆಯನ್ನು ಕುರಿತದ್ದೊಂದು, ಬೈಲಹೊಂಗಲದ ಸಂಗ್ಯಾನದೊಂದು ಅವುಗಳಲ್ಲಿ ಸೇರಿವೆ. ಕನ್ನಡಿಗರು ತಮ್ಮ ಹಳ್ಳಿಯ ಹಾಡುಗಳನ್ನು ಪುಸ್ತಕರೂಪಕ್ಕೆ ತರುವ ಕೆಲಸವನ್ನು ಮನಸ್ಸಿಟ್ಟು ಕೈಕೊಂಡುದು ಇದಕ್ಕಿಂತ ಬಹಳ ಈಚೆಗೆ. ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ ಬಂದುದು ೧೯೩೧ರಲ್ಲಿ. ಸುಮಾರು ಅರ್ಧ ಶತಮಾನ ಮುಂಚೆಯೇ ಪರದೇಶದ ಅಧಿಕಾರಿಯೊಬ್ಬನು ಲಾವಣಿಯನ್ನು ಶಾಸನಕ್ಕೆ ಸಮನಾದ ಪಾಠವೆಂದು ಎಣಿಸಿ ಪಂಡಿತರ ಪತ್ರಿಕೆಯಲ್ಲಿ ಅದಕ್ಕೆ ಎಡೆಕೊಟ್ಟನೆಂಬುದು ಸಾಮಾನ್ಯ ಸಂಗತಿಯಲ್ಲ.

ಅವುಗಳ ವಿಷಯಗಳನ್ನು ನೋಡಿದರೆ ಇನ್ನೂ ಆಶ್ಚರ್ಯವಾಗುತ್ತದೆ. ರಾಯಣ್ಣನನ್ನು ನಂದಗಡದಲ್ಲಿ ೧೮೩೧ರಲ್ಲಿ ಗಲ್ಲಿಗೇರಿಸಿದುದು ಕಂಪನಿ ಸರಕಾರ. ಆಯುಧಗಳನ್ನು ಕಸಿಯುವ ಕಾಯದೆಗೆ ಒಪ್ಪದ ಹಲಗಲಿಯ ಬೇಡರನ್ನು ೧೮೫೭ರ ಕೊನೆಯಲ್ಲಿ ದಂಡು ಕಳುಹಿಸಿ ಸದೆಬಡಿದುದೂ ಆ ಸರಕಾರವೇ. ಆದಾಯದ ತೆರಿಗೆಯು ಆ ದಂಗೆಗಳಿಂದ ಬರಿದಾದ ಬೊಕ್ಕಸವನ್ನು ತುಂಬಲೆಂದು ೧೮೬೦ರಲ್ಲಿ ಬಂದುದು. ಹೀಗೆ ಆಳಿಸಿಕೊಂಡವರು ಆಳಿದವರನ್ನು ಕುರಿತು ಕಟ್ಟಿದ ಹಾಡುಗಳನ್ನು ಆಳಿದವರ ನೌಕರನೇ ಕಾಪಾಡಿಕೊಟ್ಟನು. ಬೊಕ್ಕನು ಅಮೇರಿಕೆಯವರ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಹೇಳಿದನು. ಫ್ಲೀಟನ ಲಾವಣಿಗಳಲ್ಲಿ ಪರದೇಶಸ್ಥರ ವಿಷಯದಲ್ಲಿ ನಾಡವರ ಅಭಿಪ್ರಾಯವು ಕೇಳಿಬರುತ್ತದೆ. ಇದು ಆ ಸಂಗ್ರಹದ ನಿಜವಾದ ಬೆಲೆ.

ಆದರೆ ಹಾಡು ಜನರದಾದರೂ ತಲೆಬರಹವು ಫ್ಲೀಟನದು. ರಾಯಣ್ಣನ ಹಾಡಿಗೆ ಆತನು ಕೊಟ್ಟ ಹೆಸರಿನ ಅರ್ಥವು ‘ದಂಗೆ’ ಎಂದಾಗುತ್ತದೆ. ‘ದಂಗೆ’ ಎಂಬುದು ಕಚೇರಿಯ ಮಾತು. ನ್ಯಾಯವಾದ ಒಡೆತನವು ಯಾರದೆಂಬ ಪ್ರಶ್ನೆಯು ಮೊದಲೇ ತೀರಿಹೋಗಿದೆಯೆಂದು ಅದು ಭಾವಿಸುತ್ತದೆ. ಹಾಡುವವರಿಗೆ ಆ ಪ್ರಶ್ನೆಯು ತೀರಿರಲಿಲ್ಲ. ತೀರಿದ್ದರೆ ಗಲ್ಲಾಗಿ ಐವತ್ತನಾಲ್ಕು ವರ್ಷಗಳಾದ ಮೇಲೆ ಅಚ್ಚಿನಲ್ಲಿ ಹಿಡಿಯಲು ಹಾಡೇ ಉಳಿದಿರುತ್ತಿರಲಿಲ್ಲ. ತಲೆಬರಹವನ್ನು ಓದಿ ಹಾಡನ್ನು ಅದರ ಉದಾಹರಣೆಯಾಗಿ ಕಾಣುವ ವಾಚಕನು ಫ್ಲೀಟನ ಕಚೇರಿಯಲ್ಲಿಯೇ ನಿಂತಿರುತ್ತಾನೆ. ಹಾಡನ್ನು ಓದಿ ತಲೆಬರಹಕ್ಕೆ ಬರುವವನಿಗೆ ಎರಡರ ನಡುವಿನ ಅಂತರವು ಗೋಚರವಾಗುತ್ತದೆ.

೪

ಈ ಅಂತರವು ಅತ್ಯಂತ ಸ್ಪಷ್ಟವಾಗಿ ಕಾಣುವುದು ರಾಜಕೀಯದ ಲಾವಣಿಗಳಲ್ಲಿ ಅಲ್ಲ, ಬೈಲಹೊಂಗಲದ ಸಂಗ್ಯಾನ ಲಾವಣಿಯಲ್ಲಿ. ಇಲ್ಲಿ ಸರಕಾರದ ಹಿತವೂ ಇಲ್ಲ, ಕಿತ್ತೂರಿನ ಅಭಿಮಾನವೂ ಇಲ್ಲ. ಒಂದು ಊರಿನ ಓಣಿಯಲ್ಲಿ ನಡೆದ ಕಥೆಯಷ್ಟೇ. ಸಂಗ್ಯಾ, ಬಾಳ್ಯಾ ಇಬ್ಬರು ಗೆಳೆಯರು. ವ್ಯಾಪಾರಕ್ಕೆಂದು ಪರಊರಿಗೆ ಹೋದ ಈರಣ್ಣನ ಹೆಂಡತಿ ಗಂಗೆಯಲ್ಲಿ ಸಂಗ್ಯಾನಿಗೆ ಮನಸ್ಸಾಗುತ್ತದೆ. ಮುದುಕಿಯೊಬ್ಬಳು ನಡುವೆ ಓಡಾಡುತ್ತಾಳೆ. ಕೊನೆಗೆ ಬಾಳ್ಯಾನೇ ಗೆಳೆಯನನ್ನು ಈರಣ್ಣನಿಗೂ ಅವನ ತಮ್ಮಂದಿರಿಗೂ ಒಪ್ಪಿಸಿಕೊಡುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ.

ಫ್ಲೀಟನು ಲಾವಣಿಗೆ ಇಟ್ಟ ಹೆಸರನ್ನು ಕನ್ನಡಿಸಿದರೆ ‘ಸಂಗ್ಯಾನ ಅಪರಾಧಗಳು ಮತ್ತು ಮರಣ’ ಎಂದಾಗುವುದು. ಮ್ಯಾಜಿಸ್ಟ್ರೇಟನ ಮೇಜಿನ ಮೇಲಿನ ಕಾಗದಕ್ಕೆ ಇದು ಸರಿಯಾದ ಹೆಸರು: ಅಪರಾಧಿ ಯಾರು, ಅಪರಾಧವೇನು, ಪರಿಣಾಮವೇನು ಎಂಬ ಮೂರಕ್ಕೂ ಇದರಲ್ಲಿ ಉತ್ತರವಿದೆ. ಅದೇ ಕಥೆಯನ್ನು ಊರವರು ಸಣ್ಣಾಟವಾಗಿ ಕಟ್ಟಿದಾಗ ಇಟ್ಟ ಹೆಸರು ‘ಸಂಗ್ಯಾ ಬಾಳ್ಯಾ’. ಬೈಲಹೊಂಗಲದ ಪತ್ತಾರ ಮಾಸ್ತರರ ಹೆಸರಿನಲ್ಲಿ ನಡೆದುಬಂದ ಈ ಆಟವನ್ನು ಮುಂದೆ ಡಾ. ಚಂದ್ರಶೇಖರ ಕಂಬಾರರು ಸಂಪಾದಿಸಿ ಪ್ರಕಟಿಸಿದುದರಿಂದ ನಾಡಿನ ಇತರ ಭಾಗಗಳಿಗೂ ಅದು ಪರಿಚಿತವಾಯಿತು.

ಎರಡು ಹೆಸರುಗಳನ್ನು ಒಂದರ ಪಕ್ಕದಲ್ಲೊಂದನ್ನು ಇಟ್ಟರೆ ವಿಮರ್ಶೆಯ ಅರ್ಧ ಕೆಲಸ ಮುಗಿದಂತೆಯೇ. ಅಧಿಕಾರಿಗೆ ಕಥೆಯ ಕೇಂದ್ರವು ಒಬ್ಬನ ತಪ್ಪು. ಊರವರಿಗೆ ಕಥೆಯ ಕೇಂದ್ರವು ಇಬ್ಬರ ಗೆಳೆತನ. ಪರಸ್ತ್ರೀಯಲ್ಲಿ ಮನಸ್ಸಿಟ್ಟುದನ್ನು ಸಣ್ಣಾಟವು ಒಳ್ಳೆಯದೆಂದು ಹೇಳುವುದಿಲ್ಲ. ಆದರೆ ಪ್ರೇಕ್ಷಕರು ರಾತ್ರಿಯೆಲ್ಲ ಕುಳಿತು ನೋಡುವುದು ಆ ತಪ್ಪಿನ ವಿಚಾರಣೆಯನ್ನಲ್ಲ, ಗೆಳೆಯನು ಗೆಳೆಯನನ್ನು ಕೊಟ್ಟುಬಿಟ್ಟ ಸಂಕಟವನ್ನು. ಕಾನೂನಿನ ಪುಸ್ತಕದಲ್ಲಿ ಬಾಳ್ಯಾನದು ಸಾಕ್ಷಿಯ ಇಲ್ಲವೆ ಸಹಾಯಕನ ಪಾತ್ರವಾದೀತು. ಬೈಲಹೊಂಗಲದ ನೀತಿಯಲ್ಲಿ ಅವನಿಗೆ ಸಂಗ್ಯಾನ ಹೆಸರಿನ ಮಗ್ಗುಲಲ್ಲಿ ಎಂದೆಂದಿಗೂ ನಿಲ್ಲುವ ಶಿಕ್ಷೆಯಾಗಿದೆ.

ಇದರಿಂದ ಫ್ಲೀಟನು ಕನ್ನಡವನ್ನು ಅರಿಯದವನೆಂದಾಗಲಿ, ಹಾಡನ್ನು ತಿರುಚಿದನೆಂದಾಗಲಿ ಹೇಳಿದಂತಾಗುವುದಿಲ್ಲ. ಹಳಗನ್ನಡದ ಶಾಸನಗಳನ್ನು ಓದುವುದರಲ್ಲಿ ಆತನ ಕಾಲದಲ್ಲಿ ಆತನಿಗೆ ಸಮಾನರು ವಿರಳ. ಆತನ ಜ್ಞಾನವು ದೊಡ್ಡದು; ಸ್ಥಾನವು ಮಾತ್ರ ಬೇರೆ. ಓಣಿಯಲ್ಲಿ ಬಾಳಿದವನಿಗೆ ಗೆಳೆಯನ ದ್ರೋಹವು ನಾಳೆ ತನಗೂ ಆಗಬಹುದಾದುದು. ಕಚೇರಿಯಿಂದ ನೋಡುವವನಿಗೆ ಅದು ಪ್ರಕರಣದ ಒಂದು ಸಂಗತಿ. ನೌಕರಿ ಮುಗಿದ ಮೇಲೆ ೧೮೯೭ರಲ್ಲಿ ಆತನು ತನ್ನ ದೇಶಕ್ಕೆ ಮರಳಿದನು. ಬೊಕ್ಕನಂತೆ ಆ ಜನರ ನಡುವೆ ಮಕ್ಕಳನ್ನು ಬೆಳೆಸಿ, ಅವರ ಮೆಚ್ಚಿಕೆಯನ್ನು ಬೇಡಿ ಬದುಕುವ ಅಗತ್ಯವು ಆತನಿಗೆ ಬೀಳಲಿಲ್ಲ.

೫

ಕೇಳಿ ಬರೆಯುವವನೊಬ್ಬನೂ ಇಲ್ಲದೆ ಹೋದಾಗ ಏನಾಗುತ್ತದೆಂಬುದಕ್ಕೆ ರಾಮದುರ್ಗದ ಸೀಮೆಯು ಉದಾಹರಣೆಯಾಗಿದೆ. ೧೮೫೮ನೆಯ ಮೇ ೨೯ರ ರಾತ್ರಿ, ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್‌ನು ರಾಮದುರ್ಗಕ್ಕೆ ಹತ್ತಿರದ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರಿಂದ ಹತನಾದನು. ಜೂನ ೧೨ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಈ ಎರಡು ದಿನಾಂಕಗಳು ಆಂಗ್ಲರ ಗ್ರಂಥಗಳಲ್ಲಿ ತಪ್ಪದೆ ಸಿಕ್ಕುತ್ತವೆ. ಸುರೇಬಾನವು ಅಲ್ಲಿ ಒಬ್ಬ ಅಧಿಕಾರಿಯು ಸತ್ತ ಸ್ಥಳವಾಗಿ ಬರುತ್ತದೆಯೇ ಹೊರತು ಜನ ಬಾಳುವ ಊರಾಗಿ ಬರುವುದಿಲ್ಲ. ಮಲಪ್ರಭೆಯ ದಂಡೆಯ ಈ ಸೀಮೆಯಲ್ಲಿ ಆ ಬೇಸಗೆಯ ರಾತ್ರಿಯನ್ನು ಹಳ್ಳಿಗರು ಹೇಗೆ ಕಳೆದರೆಂಬುದನ್ನು ತಿಳಿಯಲು ಎಲಿಯಟ್‌ನ ಕಣ್ಣೂ ಫ್ಲೀಟನ ಕಿವಿಯೂ ಅಲ್ಲಿರಲಿಲ್ಲ. ಪರದೇಶಸ್ಥರ ಬರಹಗಳನ್ನು ಸಿಟ್ಟಿನಿಂದ ತಳ್ಳಿಹಾಕುವವರು ಈ ಬರಿದನ್ನು ಒಮ್ಮೆ ನೆನೆಯಬೇಕು.

ಇಷ್ಟು ವಿಚಾರದಿಂದ ಅಭ್ಯಾಸಕ್ಕೆ ಉಪಯುಕ್ತವಾದ ಒಂದು ಕ್ರಮವು ಸಿದ್ಧವಾಗುತ್ತದೆ. ಇಂಥ ಬರಹಗಳಲ್ಲಿ ಕೇಳಿದ ಮಾತು, ಕಂಡ ಸಂಗತಿ, ಕೊಟ್ಟ ತೀರ್ಪು ಎಂಬ ಮೂರು ಪದರುಗಳನ್ನು ಬೇರ್ಪಡಿಸಬೇಕು. ‘ಗುಲಂಡಿ’ಯೂ ಲಾವಣಿಯ ಮೂಲಪಾಠವೂ ಮೊದಲನೆಯ ಪದರಿಗೆ ಸೇರಿದವು, ಇವು ನಾಡಿನ ಸ್ವತ್ತು, ಬರೆದುಕೊಂಡವನು ಅವುಗಳ ಕಾವಲುಗಾರ. ಜೋಳದ ದಂಟನ್ನು ಏರಿದ ಇಲಿಗಳೂ ಕಾಳಿಗಾಗಿ ಅವುಗಳನ್ನು ಕೊಂದ ವಡ್ಡರೂ ಎರಡನೆಯ ಪದರಿಗೆ ಸೇರುತ್ತಾರೆ. ಬೇರೆ ಸಾಕ್ಷಿಗಳೊಡನೆ ಹೋಲಿಸಿ ಇವನ್ನು ಸ್ವೀಕರಿಸಬಹುದು. ‘ದಂಗೆ’, ‘ಅಪರಾಧ’ ಎಂಬವು ಮೂರನೆಯ ಪದರಿನವು. ಇವು ಕಿತ್ತೂರ ನಾಡಿಗೆ ಸಾಕ್ಷಿಯಾಗಲಾರವು. ಬರೆದವನ ಸಮಾಜಕ್ಕೂ ಅವನ ಕಚೇರಿಗೂ ಸಾಕ್ಷಿಯಾಗುತ್ತವೆ. ಅಲ್ಲಿ ಅವಕ್ಕೂ ಬೆಲೆಯುಂಟು.

ಈ ಕ್ರಮವನ್ನು ಪಾಠಶಾಲೆಗಳಲ್ಲಿ ಅನುಸರಿಸುವುದು ಕಷ್ಟವಲ್ಲ. ರಾಯಣ್ಣನ ಲಾವಣಿಯನ್ನು ಕಲಿಸುವ ಅಧ್ಯಾಪಕರು ಮೊದಲು ಹಾಡನ್ನು ಹಾಡಿಸಿ, ಆ ಬಳಿಕ ಫ್ಲೀಟನ ತಲೆಬರಹವನ್ನು ಹೇಳಿ, ಎರಡರಲ್ಲಿ ರಾಯಣ್ಣನು ಒಬ್ಬನೇ ಆಗಿರುವನೋ ಎಂದು ವಿದ್ಯಾರ್ಥಿಗಳನ್ನು ಕೇಳಬಹುದು. ಲಾವಣಿಗಳನ್ನು ಮತ್ತೆ ಅಚ್ಚುಹಾಕುವ ಸಂಪಾದಕರು ಆ ತಲೆಬರಹಗಳನ್ನು ಅಡಿಟಿಪ್ಪಣಿಗೆ ಇಳಿಸಿ, ಹಾಡುವವರ ಬಾಯಲ್ಲಿ ರೂಢಿಯಾದ ಹೆಸರನ್ನೇ ಮೇಲೆ ಇಡುವುದು ಯುಕ್ತ. ಎಲಿಯಟ್‌ನ ಪ್ರಾಣಿಪಟ್ಟಿಯಲ್ಲಿಯ ಕನ್ನಡ ಶಬ್ದಗಳನ್ನು ಆರಿಸಿ, ಸವದತ್ತಿ ಬೈಲಹೊಂಗಲಗಳ ಇಂದಿನ ಒಕ್ಕಲಿಗರ ಮಾತಿನೊಡನೆ ತಾಳೆನೋಡುವ ಕೆಲಸವನ್ನು ನಿಘಂಟುಕಾರರು ಕೈಕೊಂಡರೆ ಹೊಲದ ಭಾಷೆಯ ಎರಡು ಶತಮಾನಗಳ ಚರಿತ್ರೆಯು ದೊರೆಯುವುದು.

ಕಿತ್ತೂರ ಜನರು ಎಲಿಯಟ್‌ನ ಇಂಗ್ಲಿಷನ್ನು ಓದಲಿಲ್ಲ. ಫ್ಲೀಟನ ತಲೆಬರಹಗಳಿಗೆ ಪತ್ರಿಕೆಗಳಲ್ಲಿ ಉತ್ತರ ಬರೆಯಲಿಲ್ಲ. ಲಾವಣಿಯನ್ನು ಹಾಡುವುದನ್ನೂ ಸಣ್ಣಾಟವನ್ನು ಆಡುವುದನ್ನೂ ಅವರು ಬಿಡಲಿಲ್ಲ. ಅವರ ಉತ್ತರವು ಅದೇ ಆಗಿತ್ತು. ಆ ಉತ್ತರದೊಡನೆ ಕೂಡಿಸಿ ಓದಿದಾಗ ಮಾತ್ರ ಪರದೇಶಸ್ಥರ ಬರಹಗಳು ಪೂರ್ತಿಯಾಗಿ ಅರ್ಥವಾಗುತ್ತವೆ.